ನಾಯಿ ಏನಾಯ್ತು

ಇಪ್ಪತ್ತೆರಡು ವರ್ಷದ ಮೇಲೆ ಎರಡನೆಯ ಭಾಗ ಬಂತು.
ಇಲೊಯಿಲೊದ ಮಾಲಿನಲ್ಲಿ, ಮೂರನೇ ಮಹಡಿ,
ಭಾನುವಾರ ಏಳರ ಆಟ.
ನೆರಿಸ್ಸಾ, ಅರಸೇಲಿ, ನಾನು.
ಜೋವೆಲಿನ್ ರಿಯಾದಿನಲ್ಲಿ; ಅವಳ ಹೆಸರಿಗೂ ಒಂದು ಟಿಕೆಟು,
ಆ ಸೀಟಿನ ಮೇಲೆ ನಮ್ಮ ಮೂರೂ ಕೈಚೀಲ.

ಮೊದಲನೆಯದನ್ನು ಹನ್ನೊಂದು ಸಲ ನೋಡಿದವರು ನಾವು,
ಹಳೆಯ ಟಾಕೀಸಿನ ತಿಗಣೆ ಕುರ್ಚಿಯಲ್ಲಿ,
ಯೂನಿಫಾರ್ಮಿನ ಲಂಗ ಮೊಣಕಾಲಿಗೆ ಎಳೆದೆಳೆದು.
ದೋಣಿ ಹೊರಡುತ್ತದೆ. ಹುಡುಗ ಕಟ್ಟೆಯಿಂದ
ತನ್ನ ಒಂದು ಶೂ ಬಿಚ್ಚಿ ಎಸೆಯುತ್ತಾನೆ.
ಅವಳು ಹಿಡಿಯುತ್ತಾಳೆ.
ಅಷ್ಟೆ. ಮುತ್ತಿಲ್ಲ, ಮಾತಿಲ್ಲ.
ಬುಕೋ ಅನ್ನುವ ಕುಂಟುನಾಯಿ ನೀರಿಗೆ ಹಾರಿ
ದೋಣಿಯ ಹಿಂದೆ ಈಜುತ್ತಿರುವಾಗಲೇ
ಪರದೆ ಕಪ್ಪು.

ಆ ವರ್ಷ ಶಾಲೆಯ ಹುಡುಗಿಯರೆಲ್ಲ
ಎಡಗಾಲಿಗೆ ಕೆಂಪು ಲೇಸು, ಬಲಗಾಲಿಗೆ ಬಿಳಿ.
ಸಿಸ್ಟರ್ ಪೆರ್ಪೆತುವಾ ಕತ್ತರಿ ಹಿಡಿದು ಗೇಟಿನಲ್ಲಿ ನಿಂತರು.
ಜೋವೆಲಿನ್ ಮಾತ್ರ ತುಂಡು ತುಂಡು ಆಯ್ದು
ಗಂಟು ಹಾಕಿ, ಗಂಟಿನ ಮೇಲೆ ಗಂಟು ಹಾಕಿ,
ಮಾರನೆಯ ದಿನ ಮತ್ತೆ ಕಟ್ಟಿಕೊಂಡು ಬಂದಳು.

ಈಗ ಅವನಿಗೆ ಹೊಟ್ಟೆ ಬಂದಿದೆ.
ಬರಲಿ, ನಮಗೇನು ಕಡಿಮೆಯೇ.
ಫ್ಲ್ಯಾಟು ಮಾರುತ್ತಾನೆ, ಮಾರಲಿ.
ಆದರೆ ಆ ಶೂ!
ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅಡಿಗೆ ದೀಪ ಹಾಕಿ,
ಬಂದ ಬಂದವರಿಗೆಲ್ಲ ತೋರಿಸುತ್ತಾಳೆ ಅವಳು,
ಮೇಯರ್ ಚುನಾವಣೆಗೆ ನಿಂತವಳು.
'ಇವಳು ಅವಳಲ್ಲ' ಎಂದಳು ನೆರಿಸ್ಸಾ, ಮೆಲ್ಲಗೇನಲ್ಲ.
ಮುಂದಿನ ಸಾಲಿನ ಹುಡುಗ ತಿರುಗಿ 'ಶ್ಶ್, ಆಂಟಿ' ಎಂದ.
ಅದಕ್ಕೂ ಅವಳು ಕ್ಷಮಿಸಲಿಲ್ಲ,
ಆ ಹುಡುಗನನ್ನಲ್ಲ, ಡೈರೆಕ್ಟರನ್ನು.

ಹೊರಗೆ ಬಿಸಿ ಬಾಚೊಯ್ ಬಟ್ಟಲ ಮುಂದೆ
ಅರಸೇಲಿ ಲೆಕ್ಕ ಒಪ್ಪಿಸಿದಳು,
ಮೀನು ಬಂದರಿನ ಗುಮಾಸ್ತೆ, ಲೆಕ್ಕ ಬಿಟ್ಟರೆ ಮಾತಿಲ್ಲ:
ಆಕಾಶದಿಂದ ತೆಗೆದ ಸಮುದ್ರ, ಒಂಬತ್ತು ಸಲ.
ಹಳೆಯ ಹಾಡಿಗೆ ಹೊಸ ಡ್ರಮ್ಮು, ನಾಲ್ಕು ಸಲ.
ನಾಯಿಯ ಹೆಸರು, ಒಂದು ಸಲವೂ ಇಲ್ಲ.
'ಉಂಡ ಮನೆಯ ಜಂತಿ ಎಣಿಸಬಾರದು' ಎಂದೆ ನಾನು.
'ಉಂಡೆವೆಲ್ಲಿ? ಎಲೆ ಹಾಕಿ ಎಬ್ಬಿಸಿದರಲ್ಲ!'

ಒಂದು ಕಡೆ ನಾನು ಅತ್ತಿದ್ದೆ. ಹೇಳಲಿಲ್ಲ.
ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಅವಳು
ಮನೆಯೆಲ್ಲ ಹುಡುಕುವಾಗ,
ಕಥೆಗೆ ಏನೇನೂ ಬೇಡದ ಜಾಗ ಅದು.

ಅಷ್ಟರಲ್ಲಿ ಫೋನು.
ಅಲ್ಲಿ ಇನ್ನೂ ನಾಲ್ಕೂವರೆಯ ಬಿಸಿಲು,
ಬಸ್ಸಿನಲ್ಲಿ ಡ್ಯೂಟಿಗೆ ಹೊರಟಿದ್ದಾಳೆ ಜೋವೆಲಿನ್,
ಕೊರಳಲ್ಲಿ ಆಸ್ಪತ್ರೆಯ ಬಿಲ್ಲೆ.
'ಹೇಗಿತ್ತು? ಮೊದಲಿಂದ ಹೇಳಿ.'

ನಾವು ಮೂವರೂ ಮುಖ ಮುಖ ನೋಡಿಕೊಂಡೆವು.
ಬೈಗುಳ ತುದಿನಾಲಿಗೆಯಲ್ಲೇ ಇತ್ತು, ನುಂಗಿದೆವು.
ನೆರಿಸ್ಸಾ ಶುರುಮಾಡಿದಳು: ಅವನೀಗ ದೋಣಿ ನಡೆಸುತ್ತಾನೆ,
ದಿನಕ್ಕೆ ಆರು ಸಲ ಆಚೆ ದ್ವೀಪಕ್ಕೆ.
ಶೂ ಎಲ್ಲಿ? — ಅವಳ ಮನೆಯಲ್ಲಿ, ಎಂದಳು ಅರಸೇಲಿ,
ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದಾಳೆ.
ಇವಳಿಗೆ ಇಷ್ಟು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.
ಭೇಟಿ ಆಗ್ತಾರಾ? — ಆಗ್ತಾರೆ, ಟಿಕೆಟ್ಟಿನ ಸಾಲಿನಲ್ಲಿ.
ಅವಳ ಬಳಿ ಚಿಲ್ಲರೆ ಇರೋದಿಲ್ಲ.

'ನಾಯಿ?'
ಬಾಚೊಯ್ ಆರಿ ಕೆನೆಗಟ್ಟಿತ್ತು.
ಇಪ್ಪತ್ತೆರಡು ವರ್ಷ. ಯಾವ ನಾಯಿ ಉಳಿಯುತ್ತದೆ.
'ಇದೆ' ಎಂದೆ. 'ಕಣ್ಣು ಮಂಜು, ಹಲ್ಲು ಉದುರಿದೆ.
ದೋಣಿಯ ತುದಿಯಲ್ಲಿ ಮಲಗಿರತ್ತೆ.
ಈಗ ಈಜೋದಿಲ್ಲ. ಅದನ್ನ ಅವನೇ ಎತ್ತಿ ಇಳಿಸ್ತಾನೆ.'

ಬಹಳ ಹೊತ್ತು ಬಸ್ಸಿನ ಸದ್ದೇ ಕೇಳಿಸಿತು.
'ನಾನು ಶುಕ್ರವಾರವೇ ನೋಡಿದೆ ಕಣ್ರೇ, ಇಲ್ಲೂ ಬಂದಿದೆ.
ಅರ್ಧಕ್ಕೆ ಎದ್ದು ಬಂದೆ.'
ನೆರಿಸ್ಸಾ ಹಣೆ ಚಚ್ಚಿಕೊಂಡಳು.
'ನೀವು ಹೇಳಿ, ನಿಲ್ಲಿಸಬೇಡಿ.
ಇನ್ನೂ ಮೂರು ಸ್ಟಾಪು ಇದೆ.'