ಒಂಬತ್ತು ಬೆರಳು

ಇದ್ವಾಲ್ ಪ್ರಿದರ್ಕ್ ನಮ್ಮ ಚಾಪೆಲಿನಲ್ಲಿ ನುಡಿಸಿದ್ದು
ಒಂಬತ್ತೇ ಬೆರಳಲ್ಲಿ.
ಹತ್ತನೆಯದನ್ನು ಸ್ಲೇಟುಗಣಿ ಇಟ್ಟುಕೊಂಡಿತ್ತು,
ಅವನಿಗಾಗ ಹದಿನೇಳು.

ಎಡಗೈಯಲ್ಲಿ ಒಂದು ಸ್ವರ ಸದಾ ಬಾಕಿ.
ಹಿಂದಿನ ಬೆಂಚಿನ ನಾವು
ಅದನ್ನು ಗಂಟಲಲ್ಲೇ ತುಂಬುತ್ತಿದ್ದೆವು,
ಯಾರೂ ಹೇಳಿಕೊಡದೆ.

ಕೊನೆಯ ಚರಣಕ್ಕೆ ಮುಂಚೆ ಒಂದು ಕೆಮ್ಮು,
ಆಮೇಲೆ ಪೆಪ್ಪರಮಿಂಟಿನ ಘಮ.
ಆರ್ಗನ್ನಿನ ತಿದಿಗೆ ಇದ್ದಷ್ಟು ಉಸಿರು
ಅವನ ಎದೆಗಿರಲಿಲ್ಲ.

ಮಣ್ಣು ಮಾಡಿದ ದಿನ
ಬ್ಯಾಂಗರಿನಿಂದ ಒಬ್ಬ ಹುಡುಗಿ ಬಂದಳು.
ಅಚ್ಚುಕಟ್ಟು. ಹತ್ತೂ ಬೆರಳು.
ಒಂದು ಸ್ವರವನ್ನೂ ಬಿಡಲಿಲ್ಲ.

ನಾವು ಬಾಯಿ ತೆರೆದರೆ
ನಮ್ಮ ಜಾಗದಲ್ಲಿ ಆಗಲೇ ಯಾರೋ ಕೂತಿದ್ದರು.

ಕೊನೆಯ ಚರಣಕ್ಕೆ ಮುಂಚೆ
ಮುದುಕಿ ಮಾರ್ಗೆದ್ ಕೆಮ್ಮಿದಳು,
ಒಂದೇ ಸಲ,
ಬೇಕೆಂದೇ.