ಸಿದ್ದಾಪುರದ ಜೆರಾಕ್ಸ್ ಅಂಗಡಿ

ಈ ಊರಿನ ಭಯವೆಲ್ಲ ಒಂದಲ್ಲ ಒಂದು ದಿನ
ನನ್ನ ಗಾಜಿನ ಮೇಲೆ ಮಕಾಡೆ ಮಲಗಿ ಎದ್ದು ಹೋಗುತ್ತದೆ.
ಪ್ರತಿಗೆ ಎರಡು ರೂಪಾಯಿ.

ಚುನಾವಣೆ ಬಂತೆಂದರೆ ಮೊಣ್ಣಪ್ಪನವರು
ಕೋವಿಯ ವಿನಾಯಿತಿ ಪತ್ರ ತರುತ್ತಾರೆ, ಮಡಿಕೆಯಲ್ಲೇ ಹರಿದದ್ದು.
ಮೊಮ್ಮಗ ಹುಟ್ಟಿದ ದಿನ ಹಾರಿಸಿದ್ದೇ ಕೊನೆಯಂತೆ.
ಜೂನ್ ಬಂದರೆ ಪಂಚಾಯಿತಿ ನೋಟಿಸು:
ಹೊಳೆದಂಡೆಯವರು ಜಾಗ ಬಿಡತಕ್ಕದ್ದು.
ಎಲ್ಲಿಗೆ ಅಂತ ಬರೆದಿರುವುದಿಲ್ಲ.
ಆನೆ ಮಾತ್ರ ನನ್ನ ಅಂಗಡಿಗೆ ಬರುವುದಿಲ್ಲ,
ಅದು ನೇರ ಫೋನಿಗೆ.

ಈ ವರ್ಷ ಆಧಾರ್ ಜಾಸ್ತಿ.
ತೋಟಕ್ಕೆ ಬಂದ ಹೊರಗಿನವರ ಪಟ್ಟಿ ಠಾಣೆಗೆ ಕೊಡಬೇಕಂತೆ;
ರೈಟರ್ ಲೋಕಯ್ಯ ನಲವತ್ತು ಕಾರ್ಡು
ರಬ್ಬರ್ ಬ್ಯಾಂಡ್ ಸುತ್ತಿ ತಂದ.
ಇಪ್ಪತ್ತಾರು ಜನ ಜನವರಿ ಒಂದಕ್ಕೇ ಹುಟ್ಟಿದವರು.
ಜೊಹುರುಲ್, ಬರಪೇಟಾ ಜಿಲ್ಲೆ. ಅವನದೂ ಅದೇ ದಿನ.
ನನ್ನ ಯಂತ್ರ ಹಳೆಯದು, ಮುಖಗಳು ಕಪ್ಪಾಗಿ ಬಂದವು.
"ಪರವಾಗಿಲ್ಲಕ್ಕ, ನಂಬರ್ ಕಂಡರೆ ಸಾಕು."

ಮೊನ್ನೆ ಶಟರ್ ಎಳೆದಾಗ ಏಳೂ ಮುಕ್ಕಾಲು. ಕರೆಂಟಿಲ್ಲ.
ಒಂದೂವರೆ ಕಿಲೋಮೀಟರ್, ಎರಡೂ ಕಡೆ ಕಾಫಿ.
ಹಿಂದೆ ಚಪ್ಪಲಿ ಸದ್ದು.
ನಾನು ನಿಂತರೆ ಅದೂ ನಿಲ್ಲುತ್ತದೆ.
ಬೀಗದ ಕೈಯನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡೆ.

ಈ ದಾರಿಯಲ್ಲಿ ಸತ್ತ ಮೂವರನ್ನೂ
ಆನೆಯೇ ತುಳಿದದ್ದು, ಗೊತ್ತಿದೆ.
ಆದರೂ ಆ ಹೊತ್ತು ನೆನಪಾದದ್ದು ಆನೆಯಲ್ಲ,
ನಲವತ್ತು ಕಪ್ಪು ಮುಖ.

"ದೀದಿ," ಅಂದಿತು ಕತ್ತಲು,
"ಹೋಗಬೇಡಿ. ಆನೆ. ವಾಸನೆ."

ನಿಂತೆವು.
ಮುಂದಿನ ತಿರುವಿನಲ್ಲಿ ಬೇಲಿಯ ಕಂಬ ಲಟಕ್ಕೆಂದಿತು,
ಹಲಸಿನ ಹಣ್ಣೊಂದು ಬಿತ್ತು, ಆಮೇಲೆ ಇನ್ನೊಂದು,
ನಿಧಾನ ತಿನ್ನುವ ಸದ್ದು.
ಎಷ್ಟು ಹೊತ್ತೋ.
ರಸ್ತೆ ಮತ್ತೆ ಬರೀ ರಸ್ತೆಯಾದಾಗ ತಿರುಗಿ ನೋಡಿದೆ:
ಹತ್ತು ಮಾರು ಹಿಂದೆ ಒಬ್ಬ ಹುಡುಗ,
ಎದೆಗವಚಿಕೊಂಡ ಕವರಿನಲ್ಲಿ ಮೊಟ್ಟೆ.
ಒಬ್ಬನೇ ನಡೆಯಲು ಅವನಿಗೂ ಹೆದರಿಕೆ,
ನನ್ನ ಜೊತೆ ನಡೆಯಲು ಅದಕ್ಕಿಂತ ಹೆದರಿಕೆ.
ಅದಕ್ಕೇ ಆ ಹತ್ತು ಮಾರು.

ಹೆಸರು ಕೇಳಲಿಲ್ಲ.
ಮನೆ ಸೇರಿ ಕಾಲು ತೊಳೆದ ಮೇಲೆ ಮೆಸೇಜು ಬಂತು:
ನಿಮ್ಮ ವ್ಯಾಪ್ತಿಯಲ್ಲಿ ಕಾಡಾನೆ ಸಂಚಾರ, ಎಚ್ಚರ.

ಬೆಳಿಗ್ಗೆ ಸರಸು ಟೀಚರ್ ಫೋನ್ ಹಿಡಿದೇ ಬಂದರು.
ಗುಂಪಿನಲ್ಲಿ ಯಾರೋ ಹಾಕಿದ್ದಾರೆ:
ರಾತ್ರಿ ಹೆಂಗಸೊಬ್ಬಳ ಹಿಂದೆ ಅಪರಿಚಿತ,
ಭಾಷೆ ನಮ್ಮದಲ್ಲ, ಎಲ್ಲರೂ ಜಾಗ್ರತೆ.
"ದೊಡ್ಡಕ್ಷರದಲ್ಲಿ ಇಪ್ಪತ್ತು ಪ್ರತಿ ತೆಗಿ ಮಾರಾಯ್ತಿ,
ಬಸ್ ಸ್ಟ್ಯಾಂಡಿಗೆ ಅಂಟಿಸೋಣ.
ಆ ಹೆಂಗಸು ಯಾರೋ, ಪಾಪ."

ನಾನೇ ಅನ್ನಬಹುದಿತ್ತು.
ಬಾಯಿ ತೆರೆದೆ ಕೂಡ.
"ಟೋನರ್ ಮುಗಿದಿದೆ ಟೀಚರ್," ಅಂದೆ,
ಉರಿಯುತ್ತಿದ್ದ ಹಸಿರು ದೀಪಕ್ಕೆ ಬೆನ್ನು ಅಡ್ಡ ಮಾಡಿ.

ಅವರು ರಸ್ತೆ ದಾಟಿದರು.
ಎದುರಿಗೆ ಇನ್ನೊಂದು ಜೆರಾಕ್ಸ್ ಇದೆ,
ಬಣ್ಣದ್ದು.