ಹಿಗ್ಗಿದ ಟೇಪು

ಲಿವೊಂಡೆಯ ಆಸ್ಪತ್ರೆ. ಗಂಡಸರ ವಾರ್ಡು. ಬೆಳಗಿನ ಏಳು.
ತೂಕದ ಯಂತ್ರ ಮೂಲೆಯಲ್ಲಿದೆ, ನಿಲ್ಲಬಲ್ಲವರಿಗೆ.
ನಿಲ್ಲಲಾರದವರಿಗೆ ನಾನು,
ಜೇಬಿನಲ್ಲಿ ಸುರುಳಿ ಸುತ್ತಿದ ಹಳದಿ ಟೇಪು,
ಒಂದು ನೀಲಿ ಪೆನ್ನು.

ಎಡಗೈ ಕೊಡಿ, ಬಾಂಬೋ.
ಹೆಗಲ ಮೂಳೆಯ ತುದಿಯಿಂದ ಮೊಣಕೈ ಗಂಟಿನ ತನಕ,
ಸರೀ ನಡುವೆ ಒಂದು ಚುಕ್ಕೆ.
ಈಗ ಕೈ ಇಳಿಬಿಡಿ. ಬಿಗಿಯಬೇಡಿ.
ಇದೇ ಕಷ್ಟ. ಯಾರಾದರೂ ತೋಳು ಹಿಡಿದರೆ ಸಾಕು,
ಬಿಗಿದೇ ಅಭ್ಯಾಸ ಇವರಿಗೆ.

ಇಪ್ಪತ್ತೆರಡರ ಒಳಗೆ ಬಂದರೆ ಚೀಟಿಗೊಂದು ಕೆಂಪು ಸೊನ್ನೆ,
ದಿನಕ್ಕೆರಡು ಬಟ್ಟಲು ಸೋಯಾ ಬೆರೆಸಿದ ಗಂಜಿ.
ದಾಟಿದರೆ, ಮನೆಯವರು ತಂದದ್ದು.
ಮನೆಯವರು ಬರದಿದ್ದರೆ
ಚೀಟಿಯಲ್ಲಿ ಅದಕ್ಕೆ ಖಾನೆಯಿಲ್ಲ.

ಒಂಬತ್ತನೇ ಮಂಚದ ವೈಸನ್, ಚಿಲ್ವಾ ಕೆರೆಯ ಮೀನುಗಾರ.
ಇಬ್ಬರು ಹಿಡಿದು ನಿಲ್ಲಿಸಿದರೆ ಐವತ್ತೆಂಟು ಕಿಲೋ.
ಪರವಾಗಿಲ್ಲವಲ್ಲ, ಎಂದರು ಡಾಕ್ಟರು.
ಯಂತ್ರಕ್ಕೇನು, ನೀರನ್ನೂ ಮಾಂಸದ ಲೆಕ್ಕಕ್ಕೇ ಬರೆಯುತ್ತದೆ.
ಕೆರೆ ಬತ್ತಿದ ವರ್ಷ
ಅದರ ನೀರೆಲ್ಲ ಇವನ ಕಾಲಿಗೆ ಬಂದು ನಿಂತ ಹಾಗಿದೆ,
ಬೆರಳೊತ್ತಿದರೆ ಗುಳಿ, ಗುಳಿ ತುಂಬಲು ಹೊತ್ತು.
ತೋಳು ಹೇಳಿದ್ದು ಇಪ್ಪತ್ತೊಂದೂ ಮುಕ್ಕಾಲು.
ಕೆಂಪು ಸೊನ್ನೆ.

ಹತ್ತನೇ ಮಂಚ, ಸಾಯಿತಿ ಅಮೀದು, ಸೊಂಟ ಮುರಿದಿದೆ.
ಅಂಗಡಿಯ ಜಗುಲಿಯಲ್ಲಿ ನಲವತ್ತು ವರ್ಷ
ಕಾಲಲ್ಲಿ ತುಳಿದು ಹೊಲಿದ ದರ್ಜಿ.
ಎತ್ತರಕ್ಕೆಂದು ಅವನ ಮುಂಗೈ ಮೂಳೆ ಅಳೆಯುತ್ತಿದ್ದೆ;
ಟೇಪನ್ನು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡ,
ಎರಡು ಬೆರಳ ನಡುವೆ ಎಳೆದ, ಮೂಸಿದ,
ತನ್ನ ಗೇಣಿನ ಮೇಲೆ ಹಾಸಿದ, ಮತ್ತೊಮ್ಮೆ ಹಾಸಿದ.

ಮಗಳೇ, ಇದು ಹಿಗ್ಗಿದೆ.
ಬಟ್ಟೆ ಟೇಪು ಬೆವರು ಕುಡಿದು ಕುಡಿದು ಉದ್ದವಾಗುತ್ತೆ.
ಇದರ ಇಪ್ಪತ್ತೆರಡು, ನಿಜದ ಇಪ್ಪತ್ತೆರಡೂವರೆ.
ಇಂಥದ್ದೊಂದು ಹಿಡಿದು ನಾನೊಮ್ಮೆ ಮದುವೆ ಕೋಟು ಕೆಡಿಸಿದೆ,
ಮದುಮಗ ದಿನವಿಡೀ ಉಸಿರು ಬಿಗಿಹಿಡಿದು ನಿಂತಿದ್ದ.

ರಾತ್ರಿ ಪಾಳಿಯಲ್ಲಿ ರಿಜಿಸ್ಟರು ತಿರುವಿದೆ.
ಆ ಅರ್ಧ ಸೆಂಟಿಮೀಟರಿನ ಸಂದಿಯಲ್ಲಿ
ಈ ವರ್ಷ ಮೂವತ್ತೊಂದು ಜನ.
ಗಂಜಿ ಕುಡಿದಿದ್ದಾರೆ, ಎದ್ದಿದ್ದಾರೆ, ಹೋಗಿದ್ದಾರೆ.
ಟೇಪಿನ ತಪ್ಪಿಗೆ ಹಿಗ್ಗಿದೆ ನಾನೂ, ಒಂದು ಗಳಿಗೆ.
ಆಮೇಲೆ ಹಿಟ್ಟಿನ ಚೀಲ ನೆನಪಾಯಿತು.
ತಿಂಗಳ ಕೊನೆಗೆ ಅದರ ತಳ ಕೆರೆದ ಸದ್ದು,
ಹೆಂಗಸರ ವಾರ್ಡಿನಲ್ಲಿ ಹದಿನೆಂಟರ ತೋಳಿನ ಆ ಹುಡುಗಿ,
ಅವಳ ಬಟ್ಟಲಿಗೆ ಬರೀ ತಿಳಿ.

ಉಗ್ರಾಣದಲ್ಲಿ ಹೊಸ ಟೇಪು ಇತ್ತು, ಕವರೂ ಒಡೆಯದೆ.
ಬೆಳಿಗ್ಗೆ ಒಡೆದೆ.
ವೈಸನ್: ಇಪ್ಪತ್ತೆರಡೂ ಕಾಲು.
ಪೆನ್ನು ನಿಂತಿತು.

ಪಕ್ಕದ ಮಂಚದಿಂದ ದರ್ಜಿ:
ಅರಿವೆ ಕತ್ತರಿಸುವಾಗ ನಾವು
ಹೊಲಿಗೆಗೆಂದು ಅಂಚು ಬಿಡುತ್ತೇವೆ.
ನಿಮ್ಮ ಕಾಗದದಲ್ಲಿ ಬಿಟ್ಟಿಲ್ಲವೇ?
ನಾನು ಸುಮ್ಮನಿದ್ದೆ.
ಹಾಗಾದರೆ ಅವನ ಪ್ಯಾಂಟು ನೋಡು.
ಸೊಂಟದಲ್ಲಿ ಒಂದು ಹಿಡಿ ಬಟ್ಟೆ ಮಡಿಚಿ ಹಗ್ಗ ಕಟ್ಟಿದ್ದಾನೆ.
ಮಡಿಕೆ ಬಿಡಿಸು.
ಹಳೇ ಮಡಿಕೆಯಾದರೆ ಒಳಗೆ ಬಣ್ಣ ಉಳಿದಿರುತ್ತೆ.

ಬಿಡಿಸಿದೆ. ಒಳಗೂ ಹೊರಗೂ ಒಂದೇ ಮಾಸಲು.
ವೈಸನ್ ನಾಚಿ ಗೋಡೆ ಕಡೆ ತಿರುಗಿದ:
ಎರಡು ತಿಂಗಳಾಯಿತು, ಸಿಸ್ಟರ್.

ಬರೆದೆ: ತೋಳು ಇಪ್ಪತ್ತೆರಡೂ ಕಾಲು.
ಕಾಲಲ್ಲಿ ನೀರು. ಎರಡು ತಿಂಗಳಲ್ಲಿ ಒಂದು ಹಿಡಿ ಸೊಂಟ ಹೋಗಿದೆ.
ನೋಡಲು ಯಾರೂ ಬಂದಿಲ್ಲ.
ಸಾಲದ ಜಾಗದಲ್ಲಿ ಅಕ್ಷರ ಚಿಕ್ಕದಾಯಿತು.
ಕೆಂಪು ಸೊನ್ನೆ ಎಳೆದು, ಕೆಳಗೆ ನನ್ನ ಹೆಸರು ಹಾಕಿದೆ, ತದಾಲ,
ಕೇಳುವವರು ನನ್ನನ್ನು ಕೇಳಲಿ ಎಂದು.

ಹಳೇ ಟೇಪು ಎಸೆಯಲು ಹೊರಟರೆ ಸಾಯಿತಿ ಬೇಡಿ ಪಡೆದ.
ಸೊಳ್ಳೆಪರದೆಯನ್ನು ಅದರಿಂದಲೇ ಕಟ್ಟಿಕೊಂಡಿದ್ದಾನೆ.
ಗಂಟಿನಿಂದಾಚೆ ಇಳಿಬಿದ್ದ ತುದಿಯಲ್ಲಿ
ಇಪ್ಪತ್ತಮೂರು, ಇಪ್ಪತ್ತನಾಲ್ಕು,
ಫ್ಯಾನಿನ ಗಾಳಿಗೆ ಆಡುತ್ತಿವೆ.